ಬಳ್ಳಾರಿಯ ರ‍್ಯಾಪ್ ಕೇಳಿ ಬರೆಯುವ ಕೆಲಸ

ತಾಳಕ್ಕೆ ಮಾತು ಜೋಡಿಸಿ ಹಾಡುವ ರ‍್ಯಾಪ್ ಸೇರಿದ ಹಿಪ್ ಹಾಪ್ ಸಂಗೀತದ ಕುರಿತು ಬರೆಯುವುದನ್ನೇ ವೃತ್ತಿ ಮಾಡಿಕೊಳ್ಳುತ್ತೇನೆ ಎಂದಾಗ, ಅದಕ್ಕೆ ಬೆಂಗಳೂರಿನಲ್ಲಿ ಇರಬೇಕಲ್ಲವೇ ಎಂದು ಎಲ್ಲರೂ ಕೇಳಿದರು. ನಾನು ಬಳ್ಳಾರಿಯಲ್ಲೇ ಉಳಿದೆ. ಕೌಲ್ ಬಜಾರಿನ ಹುಡುಗರು ಒಂದೇ ಹಾಡಿನಲ್ಲಿ ಕನ್ನಡ, ತೆಲುಗು, ದಖನಿ ಉರ್ದು ಮೂರನ್ನೂ ಬೆರೆಸುತ್ತಾರೆ. ಈ ಮೂರನ್ನೂ ಕೇಳುತ್ತ ಬೆಳೆದವರು ಬರೆಯದಿದ್ದರೆ ಆ ಸಾಲುಗಳ ಅರ್ಧ ಅರ್ಥ ದಾಖಲಾಗುವುದೇ ಇಲ್ಲ.

ಹಾಡು ಕೈಸೇರಿದಾಗ ಮೊದಲು ಸಾಹಿತ್ಯವನ್ನು ಉಚ್ಚಾರಣೆ ಇದ್ದಂತೆಯೇ ಬರೆದುಕೊಳ್ಳುತ್ತೇನೆ. ‘ಹೋಗೀನಿ’ ಎಂದದ್ದನ್ನು ‘ಹೋಗಿದ್ದೇನೆ’ ಎಂದು ತಿದ್ದಿದರೆ ಲಯ ಅಲ್ಲಿಯೇ ಮುರಿಯುತ್ತದೆ. ಬಳಿಕ ನಾಲ್ಕು ಎಣಿಕೆಯ ಬಾರ್‌ಗಳಾಗಿ ಒಡೆದು, ಎರಡನೆಯ ಮತ್ತು ನಾಲ್ಕನೆಯ ಎಣಿಕೆಗೆ ಬೀಳುವ ಸ್ನೇರ್ ಡ್ರಮ್ಮಿನ ಚುರುಕು ಪೆಟ್ಟಿನ ಮೇಲೆ ಯಾವ ಅಕ್ಷರ ಕೂರುತ್ತದೆ ಎಂದು ಗುರುತು ಹಾಕುತ್ತೇನೆ. ಕನ್ನಡದ ವಾಕ್ಯ ಸಾಮಾನ್ಯವಾಗಿ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಬಂದೆ’, ‘ನಿಂದೆ’, ‘ತಂದೆ’ ಎಂಬಂತಹ ಅಂತ್ಯಪ್ರಾಸ ಇಲ್ಲಿ ಸುಲಭವಾಗಿ ಸಿಗುತ್ತದೆ. ಹಳಗನ್ನಡದ ಕವಿಗಳು ಪ್ರಾಸವನ್ನು ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಇಟ್ಟರು. ಅದನ್ನು ಓದಿರದ ಹುಡುಗನೊಬ್ಬ ಕಿವಿಯ ಬಲದಿಂದಲೇ ಸಾಲಿನ ಆರಂಭದಲ್ಲೋ ನಡುವೆಯೋ ಪ್ರಾಸ ಹೂಡಿ, ಕ್ರಿಯಾಪದವನ್ನು ಸಾಲಿನ ಕೊನೆಯಿಂದ ಮೊದಲಿನ ಕಡೆಗೆ ಎಳೆದುಕೊಂಡಾಗ ನಾನು ಹಾಡನ್ನು ನಿಲ್ಲಿಸಿ ಮತ್ತೆ ಕೇಳುತ್ತೇನೆ. ಇಂತಹ ಸಾಲನ್ನು ಉದ್ಧರಿಸಿ ತೋರಿಸದೆ ‘ಫ್ಲೋ (ಪದಗಳು ಲಯದಲ್ಲಿ ಹರಿಯುವ ರೀತಿ) ಅದ್ಭುತ’ ಎಂದಷ್ಟೇ ಬರೆದುದನ್ನು ವಿಮರ್ಶೆ ಎಂದು ನಾನು ಒಪ್ಪುವುದಿಲ್ಲ.

ಹೀಗೆ ಬರೆದುಕೊಳ್ಳುವುದರ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿರಬೇಕು. 2014ರಲ್ಲಿ ತೀರಿಕೊಂಡ ದರೋಜಿಯ ಬುರ್ರಕಥಾ ಈರಮ್ಮನವರು ಅಕ್ಷರ ಕಲಿತವರಲ್ಲ. ಅವರು ನೆನಪಿನಿಂದ ಹಾಡಿದ ಕಾವ್ಯಗಳು ಪುಸ್ತಕಗಳಾದದ್ದು ಸಂಶೋಧಕರು ತಾಳ್ಮೆಯಿಂದ ಕೇಳಿ ಬರೆದುಕೊಂಡಿದ್ದರಿಂದ.

ಯಾರ ಹೆಸರು ದಾಖಲಾಗುತ್ತದೆ ಎಂಬುದೂ ಅಷ್ಟೇ ಮುಖ್ಯ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ, ಹಿಪ್ ಹಾಪ್ ಹುಟ್ಟಿತೆಂದು ಹೇಳಲಾಗುವ ಆ ಪಾರ್ಟಿಯಲ್ಲಿ ಡಿಜೆ ಆಗಿದ್ದ ಕೂಲ್ ಹರ್ಕ್ ಹೆಸರು ಬಹಳ ಜನರಿಗೆ ಗೊತ್ತು. ಅದನ್ನು ಏರ್ಪಡಿಸಿದ ಅವರ ತಂಗಿ ಸಿಂಡಿ ಕ್ಯಾಂಪ್‌ಬೆಲ್ ಹೆಸರು ಗೊತ್ತಿರುವವರು ಕಡಿಮೆ. ಆದ್ದರಿಂದ ಪ್ರತಿ ಸಂದರ್ಶನದಲ್ಲೂ ಬೀಟ್, ಅಂದರೆ ಹಿನ್ನೆಲೆ ಸಂಗೀತ ಯಾರದು, ಹುಕ್, ಅಂದರೆ ಮತ್ತೆ ಮತ್ತೆ ಬರುವ ಪಲ್ಲವಿ ಹಾಡಿದವರು ಯಾರು, ವಿಡಿಯೊ ತೆಗೆದವರು ಯಾರು ಎಂದು ಕೇಳಿಯೇ ಮುಂದೆ ಹೋಗುತ್ತೇನೆ. ಹುಕ್ ಹಾಡಿದ ಕಾಲೇಜು ಹುಡುಗಿಯ ಹೆಸರು ಎಷ್ಟೋ ಸಲ ವಿಡಿಯೊದಲ್ಲಿ ಇರುವುದಿಲ್ಲ. ಅವಳ ಒಪ್ಪಿಗೆ ಪಡೆದು ನನ್ನ ಬರಹದಲ್ಲಿ ಹಾಕುತ್ತೇನೆ.

ಜೀನ್ಸ್ ಘಟಕಗಳಲ್ಲಿ ಹೊಲಿಗೆ ಮಾಡುವ ರ‍್ಯಾಪರ್‌ಗಳು ಬಿಡುವಾಗುವುದು ರಾತ್ರಿ. ಆ ಹೊತ್ತಿನ ಸಂದರ್ಶನ ನನಗೆ ಒಗ್ಗದ ಕಾರಣ, ರಜೆಯ ದಿನ ಬೆಳಿಗ್ಗೆ ಅವರ ಮನೆಗೇ ಹೋಗುವ ರೂಢಿ ಮಾಡಿಕೊಂಡೆ. ಇದರಿಂದ ದೊಡ್ಡ ಲಾಭವಾಯಿತು: ಮಗ ಹೇಳದೆ ಬಿಟ್ಟದ್ದನ್ನು ತಾಯಿ ಹೇಳುತ್ತಾರೆ, ಮತ್ತು ಹೆಣ್ಣುಮಗಳೊಬ್ಬಳು ಕೇಳುತ್ತಿದ್ದಾಳೆಂದು ಇನ್ನಷ್ಟು ಬಿಚ್ಚಿ ಹೇಳುತ್ತಾರೆ.

ಹೆಣ್ಣನ್ನು ಕೀಳಾಗಿ ಕಾಣುವ ಸಾಲುಗಳು ಬಂದಾಗ ಹಾಡನ್ನು ಬದಿಗಿಡುವುದು ಸುಲಭ. ಆದರೆ 1999ರಲ್ಲಿ ಹಿಪ್ ಹಾಪ್ ಸ್ತ್ರೀವಾದದ ಮಾತನ್ನು ಮುಂದಿಟ್ಟ ಪತ್ರಕರ್ತೆ ಜೋನ್ ಮಾರ್ಗನ್ ಅವರಂತೆ, ಈ ಸಂಗೀತವನ್ನು ಪ್ರೀತಿಸುತ್ತಲೇ ಅದರೊಡನೆ ಜಗಳವಾಡಬಹುದು ಎಂದು ನಾನೂ ನಂಬಿದ್ದೇನೆ. ರೆಕಾರ್ಡರ್ ಚಾಲೂ ಇಟ್ಟು ನೇರವಾಗಿ ಕೇಳುತ್ತೇನೆ. ‘ಅಕ್ಕಾ, ಬೀಟಿಗೆ ಕುಂತದ್ದು ಬರ್ದೀನಿ, ಬ್ಯಾರೆ ಏನಿಲ್ಲ’ ಎಂದು ಒಬ್ಬ ಹೇಳಿದ. ಆ ಉತ್ತರವನ್ನು ಹಾಗೆಯೇ ಪ್ರಕಟಿಸಿ, ಅದೇ ಬೀಟಿಗೆ ಅದೇ ಮಾತ್ರೆಯ ಬೇರೆ ಪದಗಳೂ ಕೂರುತ್ತವೆ ಎಂದು ಕೆಳಗೆ ಬರೆದು ತೋರಿಸಿದೆ. ಅವನು ಕೆಲಕಾಲ ಮಾತು ಬಿಟ್ಟಿದ್ದ. ಈಗ ಹೊಸ ಹಾಡನ್ನು ಬಿಡುಗಡೆಗೆ ಮೊದಲೇ ಕಳಿಸುತ್ತಾನೆ.

ಈ ಬರಹದಿಂದ ಬರುವ ಹಣ ಕಡಿಮೆ. ಸಬ್‌ಟೈಟಲ್, ಅನುವಾದ, ಕಲಾವಿದರ ಪರಿಚಯ ಟಿಪ್ಪಣಿಗಳಿಂದ ಜೀವನ ನಡೆಯುತ್ತದೆ. ಯಾರಿಂದ ಟಿಪ್ಪಣಿಗೆ ಹಣ ಪಡೆದೆನೋ ಅವರ ಹಾಡನ್ನು ವಿಮರ್ಶಿಸುವುದಿಲ್ಲ.

ಈಗ ಹೆಚ್ಚಿನ ಸಮಯ ಸಂಗ್ರಹಕ್ಕೆ ಹೋಗುತ್ತಿದೆ. ಇಲ್ಲಿನ ಅನೇಕರು ಅಂತರ್ಜಾಲದಿಂದ ‘ಟೈಪ್ ಬೀಟ್’ಗಳನ್ನು, ಅಂದರೆ ಹೆಸರಾಂತ ಕಲಾವಿದರ ಶೈಲಿಯಲ್ಲಿ ಮೊದಲೇ ಮಾಡಿಟ್ಟ ಬೀಟ್‌ಗಳನ್ನು, ಬಾಡಿಗೆಗೆ ಪಡೆಯುತ್ತಾರೆ, ಬಾಡಿಗೆಯ ಕರಾರು ಮೀರಿದರೆ ಹಕ್ಕುಸ್ವಾಮ್ಯದ ದೂರು ಬಂದು ಹಾಡು ಯೂಟ್ಯೂಬಿನಿಂದ ಇಲ್ಲವಾಗಬಹುದು. ಹಾಗಾಗಿ ಕಲಾವಿದರ ಒಪ್ಪಿಗೆಯಿಂದ ಧ್ವನಿ, ಸಾಹಿತ್ಯ, ದುಡಿದವರ ಹೆಸರು ಮತ್ತು ತಾರೀಕುಗಳನ್ನು ಎರಡು ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಇಡುತ್ತಿದ್ದೇನೆ. ಬಳ್ಳಾರಿ ನಗರದ್ದು ಬಹುಪಾಲು ಮುಗಿದಿದೆ. ಸಂಡೂರು ಮತ್ತು ಸಿರುಗುಪ್ಪದ ಹಾಡುಗಳನ್ನು ಬರೆದುಕೊಳ್ಳುತ್ತಿದ್ದೇನೆ.