ಡಿಸ್ಚಾರ್ಜ್ ಚೀಟಿಯ ‘ಆರ್ಥಾಪ್ನಿಯಾ’ ಬಿಡಿಸಿ ಓದುವುದು ಹೇಗೆ?

ಹೋದ ಮಳೆಗಾಲ ಅಪ್ಪಯ್ಯನನ್ನು ತೀರ್ಥಹಳ್ಳಿಯಿಂದ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದ್ದೆವು. ಮನೆಗೆ ಬರುವಾಗ ಕೊಟ್ಟ ಚೀಟಿಯಲ್ಲಿ ‘ಆರ್ಥಾಪ್ನಿಯಾ’ ಅಂತ ಬರೆದಿತ್ತು. ಆರ್ಥೋ ಅಂದರೆ ಮೂಳೆ ಅಲ್ವಾ? ಅಮ್ಮ ಎರಡು ದಿನ ಅಪ್ಪಯ್ಯನ ಮಂಡಿಗೆ ಎಣ್ಣೆ ತಿಕ್ಕಿದರು. ಯಾರೂ ಬಿಡಿಸಿ ಹೇಳಿರಲಿಲ್ಲ.

ಇಂಥ ಪದ ಕಂಡರೆ ಮೊದಲು ಬಾಲ ನೋಡಿ. ಕೊನೆಗೆ ‘ಪ್ನಿಯಾ’ ಇದ್ದರೆ ಅದು ಉಸಿರಿನ ವಿಷಯ. ಗ್ರೀಕ್‌ನಲ್ಲಿ ‘ಪ್ನೊಯೆ’ ಅಂದರೆ ಉಸಿರು. ಆಮೇಲೆ ತಲೆ ನೋಡಿ. ‘ಡಿಸ್’ ಅಂದರೆ ಕಷ್ಟ. ಡಿಸ್ಪ್ನಿಯಾ ಅಂದರೆ ದಮ್ಮು, ಏದುಸಿರು. ‘ಟ್ಯಾಕಿ’ ಅಂದರೆ ವೇಗ. ಆಪ್ನಿಯಾದ ‘ಆ’ ನಮ್ಮ ಅನ್ಯಾಯ, ಅಶಾಂತಿಯ ‘ಅ’ಕ್ಕೆ ನೆಂಟ. ‘ಇಲ್ಲ’ ಅನ್ನುವ ಅರ್ಥ. ಅಂದರೆ ಉಸಿರು ನಿಂತುಹೋಗುವುದು.

‘ಆರ್ಥೋಸ್’ ಅಂದರೆ ನೆಟ್ಟಗೆ. ಮೂಳೆ ಅಲ್ಲ! 1741ರಲ್ಲಿ ನಿಕೊಲಾ ಆಂದ್ರಿ ಎಂಬ ಫ್ರೆಂಚ್ ವೈದ್ಯ, ಮಕ್ಕಳ ಸೊಟ್ಟ ಮೈಯನ್ನು ನೆಟ್ಟಗೆ ಮಾಡುವ ವಿದ್ಯೆಗೆ ಆ ‘ಆರ್ಥೋ’ ಸೇರಿಸಿ ಹೆಸರು ಕಟ್ಟಿದ. ಅದೇ ಮೂಳೆ ಡಾಕ್ಟರಿಗೆ ಉಳಿಯಿತು. ಆರ್ಥಾಪ್ನಿಯಾ ಅದಕ್ಕಿಂತ ಎಷ್ಟೋ ಹಳೆಯದು, ಹಿಪೊಕ್ರೆಟಿಸ್ ಕಾಲದ ಗ್ರೀಕ್ ವೈದ್ಯರ ಮಾತು. ನೆಟ್ಟಗೆ ಕೂತರಷ್ಟೇ ಸರಾಗವಾಗಿ ಆಡುವ ಉಸಿರು.

ಇದು ತಿಳಿದ ದಿನ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು. ಆಸ್ಪತ್ರೆಗೆ ಹೋಗುವ ಮುಂಚೆ ಒಂದು ತಿಂಗಳು ಅಪ್ಪಯ್ಯ ಜಗಲಿಯ ಕಂಬಕ್ಕೆ ಒರಗಿ, ಕಂಬಳಿ ಹೊದ್ದು, ಕೂತೇ ರಾತ್ರಿ ಕಳೆಯುತ್ತಿದ್ದರು. “ಮಲಗಿದ್ರೆ ದಮ್ಮು ಕಟ್ತದೆ ಮಗಾ” ಅಂದಿದ್ದರು. ನಾವು ಥಂಡಿ ಅಂದುಕೊಂಡು ಕಷಾಯ ಕೊಟ್ಟೆವು. ಮಲಗಿದಾಗ ಕಾಲಿನ ಕಡೆಯ ರಕ್ತ ಎದೆಗೆ ಜಾಸ್ತಿ ಬರುತ್ತದೆ. ಸೋತ ಹೃದಯ ಅದನ್ನು ಮುಂದೆ ತಳ್ಳಲಾರದು. ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಎದ್ದು ಕೂತರೆ ಸ್ವಲ್ಪ ಹಗುರ.

ಹಾಗಾಗಿ ಮಲಗುವಾಗ ತಲೆಗೆ ಎಷ್ಟು ದಿಂಬು ಬೇಕಾಗುತ್ತದೆ, ಎಣಿಸಿ. ಡಾಕ್ಟರೂ ಅದನ್ನೇ ಕೇಳುತ್ತಾರೆ. “ಒಂದು ದಿಂಬು ಸಾಕಿತ್ತು, ಈಗ ಮೂರು ಬೇಕು” ಅಂತ ಕನ್ನಡದಲ್ಲೇ ಹೇಳಿ, ಸಾಕು. ರೋಗಿ ಸುಮ್ನೆ ಕೂತಿರುವಾಗ, ಅವರಿಗೆ ಗೊತ್ತಾಗದ ಹಾಗೆ, ಪೂರ್ತಿ ಒಂದು ನಿಮಿಷ ಎದೆ ಏರಿಳಿಯುವುದನ್ನೂ ಎಣಿಸಿ. ದೊಡ್ಡವರಿಗೆ 12ರಿಂದ 20 ಸರಿ. ತುಟಿ ನೀಲಿಯಾದರೆ, ಒಂದು ಮಾತು ಪೂರ್ತಿ ಆಡಲು ಆಗದಿದ್ದರೆ, ತಕ್ಷಣ 108ಕ್ಕೆ ಫೋನ್ ಮಾಡಿ. ಬೆಳಗಾಗಲಿ ಅಂತ ಕಾಯಬೇಡಿ. ನಮ್ಮಲ್ಲಿಂದ ಶಿವಮೊಗ್ಗಕ್ಕೆ ಸುಮಾರು 60 ಕಿಲೋಮೀಟರ್, ಅದೂ ಮಳೆಯಲ್ಲಿ.