ನಮ್ಮ ಕೋಡನ್ನು ನಾವೇ ಎಣಿಸಿದಾಗ

ನಮ್ಮದು ಬ್ಯಾಂಕ್ ಖಾತೆಗಳ ಲೆಕ್ಕ ನೋಡುವ ಸಾಫ್ಟ್‌ವೇರ್. ಹೊಸಬರಿಗೆ ಯಾವ ಪ್ರೋಗ್ರಾಮಿಂಗ್ ಭಾಷೆ ಕಲಿಸಬೇಕು ಅನ್ನೋ ಮೀಟಿಂಗ್‌ನಲ್ಲಿ ನಮ್ಮ ಮ್ಯಾನೇಜರ್, ಯಾವ ಭಾಷೆ ಎಷ್ಟು ಜನಪ್ರಿಯ ಅಂತ ಹೇಳುವ ಟಿಯೋಬಿ ಪಟ್ಟಿಯನ್ನು ಪರದೆ ಮೇಲೆ ಹಾಕಿದರು. "ಪೈಥಾನ್ 2021ರಲ್ಲೇ ಮೊದಲನೇ ಸ್ಥಾನಕ್ಕೆ ಬಂತು. ನಾವಿನ್ನೂ ಪಿಎಲ್/ಎಸ್‌ಕ್ಯೂಎಲ್ ಹಿಡ್ಕೊಂಡು ಕೂತಿದೀವಲ್ರೀ!" ಪಿಎಲ್/ಎಸ್‌ಕ್ಯೂಎಲ್ ಅಂದ್ರೆ ಡೇಟಾಬೇಸ್ ಭಾಷೆ ಎಸ್‌ಕ್ಯೂಎಲ್‌ನ ವಿಸ್ತರಣೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಎಣಿಸಿಯೇ ನೋಡೋಣ ಅಂತ ಆ ಶನಿವಾರ ಕೂತೆ.

ಮೊದಲು, ಆ ಪಟ್ಟಿ ಹೇಗೆ ತಯಾರಾಗುತ್ತೆ ಅಂತ ಓದಿದೆ. ಭಾಷೆಯ ಹೆಸರಿಗೆ 'ಪ್ರೋಗ್ರಾಮಿಂಗ್' ಅಂತ ಸೇರಿಸಿ, ಹಲವು ಸರ್ಚ್ ಎಂಜಿನ್‌ಗಳಲ್ಲಿ ಎಷ್ಟು ಪುಟ ಸಿಗುತ್ತೆ ಅಂತ ಲೆಕ್ಕ ಹಾಕ್ತಾರೆ. ಎಲ್ಲಕ್ಕಿಂತ ಹೆಚ್ಚು ಕೋಡ್ ಯಾವುದರಲ್ಲಿದೆ ಅನ್ನೋದು ಇದರಿಂದ ಗೊತ್ತಾಗಲ್ಲ ಅಂತ ಅವರೇ ಬರೆದುಕೊಂಡಿದ್ದಾರೆ. ಅದನ್ನು ಯಾರೂ ಓದಲ್ಲ, ಅಷ್ಟೆ. ಆ ಪಟ್ಟಿಯಲ್ಲಿ 2017ರಲ್ಲಿ ಶೇ. 7ರ ಆಸುಪಾಸಿಗೆ ಇಳಿದಿದ್ದ 'ಸಿ' ಭಾಷೆ ಮರುವರ್ಷವೇ ಶೇ. 15ರ ಹತ್ತಿರ ಬಂತು. ಹನ್ನೆರಡು ತಿಂಗಳಲ್ಲಿ ಸಿ ಬರೆಯುವವರು ದುಪ್ಪಟ್ಟಾದರಾ? ಇನ್ನು ಎಸ್‌ಕ್ಯೂಎಲ್ ಆ ಪಟ್ಟಿಗೆ ಮತ್ತೆ ಸೇರಿದ್ದೇ 2018ರಲ್ಲಿ. ಅಲ್ಲೀವರೆಗೆ ಬ್ಯಾಂಕುಗಳೇನು ಅದನ್ನು ಬಿಟ್ಟು ಕೂತಿರಲಿಲ್ಲ.

ಪಿವೈಪಿಎಲ್ ಅನ್ನೋ ಇನ್ನೊಂದು ಪಟ್ಟಿ ಗೂಗಲ್‌ನಲ್ಲಿ ಟ್ಯುಟೋರಿಯಲ್ ಹುಡುಕುವವರನ್ನು ಎಣಿಸುತ್ತೆ. ಅದು ಕಲಿಯುವವರ ಲೆಕ್ಕ.

ಆಮೇಲೆ ನಮ್ಮ ಕೋಡ್ ಇಟ್ಟಿರುವ ರೆಪಾಸಿಟರಿಗಳ ಮೇಲೆ ಕೋಡ್ ಸಾಲು ಎಣಿಸುವ 'ಕ್ಲಾಕ್' ಅನ್ನೋ ಸಾಧನ ಓಡಿಸಿದೆ. ಎಲ್ಲಕ್ಕಿಂತ ಮೇಲೆ ಬಂದದ್ದು ಜಾವಾಸ್ಕ್ರಿಪ್ಟ್! ಯಾರೋ ಪುಣ್ಯಾತ್ಮರು ಬೇರೆಯವರು ಬರೆದ ಜಾವಾಸ್ಕ್ರಿಪ್ಟ್ ಕೋಡ್ ತುಂಬಿರುವ ನೋಡ್ ಮಾಡ್ಯೂಲ್ಸ್ ಫೋಲ್ಡರನ್ನೇ, ಕೋಡಿನ ಬದಲಾವಣೆ ದಾಖಲಿಸುವ ಗಿಟ್‌ಗೆ ಹಾಕಿಟ್ಟಿದ್ದರು. ಅದನ್ನು ತೆಗೆದು ಓಡಿಸಿದರೆ ಕೋಬಾಲ್ ಅನ್ನೋ ಹಳೇ ಭಾಷೆ ಮೇಲೆ ಬಂತು. ಅದೂ ನಂಬುವ ಹಾಗಿರಲಿಲ್ಲ, ನಮ್ಮಲ್ಲಿ ಕೋಬಾಲ್ ಬರೆಯೋರು ಯಾರಿದ್ದಾರೆ? ಸಾಲು ಬಿಟ್ಟು, ಹಿಂದಿನ ಒಂದು ವರ್ಷದ ಗಿಟ್ ಲಾಗ್‌ನಲ್ಲಿ ಯಾವ ಬಗೆಯ ಫೈಲಿಗೆ ಎಷ್ಟು ಕಮಿಟ್ (ದಾಖಲಾದ ತಿದ್ದುಪಡಿ) ಬಿದ್ದಿದೆ ಅಂತ ನೋಡಿದೆ. ಈಗ ಪಿಎಲ್/ಎಸ್‌ಕ್ಯೂಎಲ್ ಮೊದಲು, ಜಾವಾ ಎರಡನೆಯದು, ಶೆಲ್ ಸ್ಕ್ರಿಪ್ಟ್ ಮೂರನೆಯದು. ಪೈಥಾನ್ ರಿಪೋರ್ಟ್ ಫೋಲ್ಡರಿನ ಮೂಲೆಯಲ್ಲಿತ್ತು. ಕೋಬಾಲ್‌ಗೆ ವರ್ಷವಿಡೀ ಕೈ ಹಚ್ಚಿದವರೇ ಇಲ್ಲ.

ಇದೇ ಸರಿ ಅಂತ ಸ್ಲೈಡ್ ಮಾಡಲು ಹೊರಟವನು ಸುಮ್ಮನೆ ಒಮ್ಮೆ, ಯಾವ ಪ್ರೋಗ್ರಾಂ ಯಾವಾಗ ಓಡುತ್ತೆ ಅಂತ ತೋರಿಸುವ ಶೆಡ್ಯೂಲರ್ ತೆರೆದೆ. ರಾತ್ರಿ ಬ್ಯಾಚ್‌ನಲ್ಲಿ ಪ್ರತಿ ಖಾತೆಗೂ ಬಡ್ಡಿ ಲೆಕ್ಕ ಹಾಕೋದು ಯಾರೂ ಮುಟ್ಟದ ಅದೇ ಕೋಬಾಲ್. ಬರೆದದ್ದು, ತಿದ್ದಿದ್ದು, ಓಡುತ್ತಿರುವುದು: ಒಂದೇ ಆಫೀಸಿನಲ್ಲಿ ಮೂರು ಪಟ್ಟಿ, ಮೂರರ ಕ್ರಮವೂ ಬೇರೆ ಬೇರೆ. ನಮ್ಮ ಕೋಡ್ ಹೊರಗೆ ಕಾಣೋದೂ ಇಲ್ಲ, ಹಾಗಾಗಿ ಎಲ್ಲರೂ ಕೋಡ್ ಹಂಚಿಕೊಳ್ಳುವ ಗಿಟ್‌ಹಬ್ ತಾಣ ನೋಡಿ ಮಾಡುವ ಎಣಿಕೆಗೂ ಅದು ಸಿಗಲ್ಲ.

ಮ್ಯಾನೇಜರ್ ಹೇಳಿದ್ದು ಪೂರ್ತಿ ಸುಳ್ಳಲ್ಲ. ಕೆಲಸ ಕೇಳಿಕೊಂಡು ಬರುವ ಮಕ್ಕಳ ರೆಸ್ಯೂಮೆಯಲ್ಲೆಲ್ಲ ಪೈಥಾನ್ ಇರುತ್ತೆ. ಯಾರು ಸಿಗ್ತಾರೆ ಅನ್ನೋದಕ್ಕೆ ಆ ಪಟ್ಟಿ ಸಾಕು. ಹೊಸಬರಿಗೆ ಮೊದಲು ಎಸ್‌ಕ್ಯೂಎಲ್, ಆಮೇಲೆ ಜಾವಾ ಅಂತ ತೀರ್ಮಾನವಾಯಿತು. ಕೋಬಾಲ್ ಬಲ್ಲ ಹಿರಿಯರೊಬ್ಬರು ಮಾರ್ಚ್‌ನಲ್ಲಿ ನಿವೃತ್ತರಾಗ್ತಾರೆ, ಒಬ್ಬ ಹುಡುಗಿಯನ್ನು ಈಗಲೇ ಅವರ ಪಕ್ಕ ಕೂರಿಸಿದ್ದೇವೆ.