ಕಿಟಕಿಗೆ ರಟ್ಟು ಅಂಟಿಸಿ ಕಣ್ಣಿನ ಪಾಠ ಮಾಡಿದೆ

ನಾನು ಹತ್ತನೇ ತರಗತಿಗೆ ವಿಜ್ಞಾನ ಹೇಳಿಕೊಡುತ್ತೇನೆ. ಮೊದಲೆಲ್ಲ ಬೋರ್ಡಿನ ಮೇಲೆ ಕಣ್ಣಿನ ಚಿತ್ರ ಬರೆದು, ಭಾಗ ಗುರುತಿಸಿ ಪಾಠ ಮುಗಿಸುತ್ತಿದ್ದೆ. ಮಕ್ಕಳಿಗೆ ಅಂಕವೂ ಬರುತ್ತಿತ್ತು. ಆದರೆ "ಮಸೂರ ಯಾಕೆ ಬೇಕು, ಪಾಪೆಯ ತೂತೇ ಸಾಲದಾ?" ಅಂತ ಕೇಳಿದರೆ ಎಲ್ಲರೂ ಸುಮ್ಮನಾಗುತ್ತಿದ್ದರು. ಈಗ ಕೋಣೆಯನ್ನೇ ಕಣ್ಣು ಮಾಡುತ್ತೇನೆ.

ಕಿಟಕಿಗಳಿಗೆ ರಟ್ಟು, ಬಾಗಿಲ ಸಂದಿಗೆ ಗೋಣಿಚೀಲ. ಒಂದು ರಟ್ಟಿನಲ್ಲಿ ಮಾತ್ರ ಅರ್ಧ ಸೆಂಟಿಮೀಟರ್ ತೂತು. ಒಳಗೆ ಬಂದ ಕೂಡಲೇ ಏನೂ ಕಾಣುವುದಿಲ್ಲ. ಹತ್ತು ನಿಮಿಷ ಸುಮ್ನೆ ಕೂರಿಸಿ. ಪಾಪೆ ಅರಳುವುದು ಕೆಲವೇ ಸೆಕೆಂಡಿನ ಕೆಲಸ. ಆದರೆ ಬಿಸಿಲಲ್ಲಿ ಕಳೆದುಕೊಂಡ, ಬೆಳಕನ್ನು ಹಿಡಿಯುವ ಬಣ್ಣದ ವಸ್ತುವನ್ನು ಅಕ್ಷಿಪಟಲದ (ಕಣ್ಣಿನ ಹಿಂಬದಿಯ ಪರದೆ) ಕೋಶಗಳು ಮತ್ತೆ ತುಂಬಿಕೊಳ್ಳಬೇಕು. ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆಯೇ ಬೇಕು.

ತೂತಿನಿಂದ 50 ಸೆಂಟಿಮೀಟರ್ ದೂರಕ್ಕೆ ಬಿಳಿ ಹಾಳೆ ಹಿಡಿದರೆ ಅಂಗಳದ ಮರ ತಲೆಕೆಳಗಾಗಿ ಮೂಡುತ್ತದೆ. ಆಕಾರ ಗೊತ್ತಾಗುತ್ತದೆ, ಬೆಳಕು ಸಾಲದು. ತೂತನ್ನು 3 ಸೆಂಟಿಮೀಟರ್‌ಗೆ ದೊಡ್ಡದು ಮಾಡಿದೆ. ಬೆಳಕು ಜಾಸ್ತಿಯಾಯಿತು, ಮರ ಕಲಸಿಹೋಯಿತು. ಈಗ ಕನ್ನಡಕದ ಅಂಗಡಿಯಿಂದ ತಂದ ಪ್ಲಸ್ 2 ಪವರ್‌ನ ಗಾಜನ್ನು, ಅಂದರೆ ಮಸೂರವನ್ನು, ತೂತಿಗೆ ಇಟ್ಟೆ. ಎಲೆ ಅಲ್ಲಾಡುವುದು ಕೂಡ ಹಾಳೆಯ ಮೇಲೆ ಕಂಡಿತು. ಆಗ ಮಕ್ಕಳು ಹಾಕಿದ ಕೂಗು ಪಕ್ಕದ ತರಗತಿಗೂ ಕೇಳಿಸಿತ್ತು!

"ಹಾಗಾದ್ರೆ ನಮಗೆ ಯಾಕೆ ಎಲ್ಲ ತಲೆಕೆಳಗಾಗಿ ಕಾಣಲ್ಲ ಸಾರ್?" ಈ ಪ್ರಶ್ನೆ ಬಂದೇ ಬರುತ್ತದೆ. ಕಣ್ಣು ಮುಚ್ಚಿ, ಕಿವಿಯ ಕಡೆಯ ಮೂಲೆಯನ್ನು ರೆಪ್ಪೆಯ ಮೇಲಿಂದ ಮೆಲ್ಲಗೆ ಮುಟ್ಟಿ ನೋಡಿ ಅನ್ನುತ್ತೇನೆ. ಮಸುಕು ಬೆಳಕಿನ ಚುಕ್ಕೆ ಕಾಣುವುದು ಮೂಗಿನ ಕಡೆ! ಅಕ್ಷಿಪಟಲದ ಆ ಅಂಚಿಗೆ ಬೆಳಕು ಬೀಳುವುದು ಯಾವಾಗಲೂ ಎದುರು ದಿಕ್ಕಿನಿಂದ, ಮಿದುಳಿಗೆ ಅದು ಗೊತ್ತು. ಕಣ್ಣೊಳಗೆ ಕೂತು ಚಿತ್ರ ನೋಡುವವರು ಯಾರೂ ಇಲ್ಲ ಅಲ್ವಾ?

ನನಗೆ ತುಂಬಾ ಇಷ್ಟವಾದದ್ದು ಇದರ ಮುಂದಿನ ಭಾಗ. ಒಬ್ಬ ಹುಡುಗಿಯನ್ನು ಹೊರಗೆ, ಗಾಜಿನಿಂದ ಒಂದು ಮೀಟರ್ ದೂರ ನಿಲ್ಲಿಸಿದೆ. ಕೈಯಲ್ಲಿ ದೊಡ್ಡದಾಗಿ 'ಕ' ಬರೆದ ಚಾರ್ಟು. ಹಾಳೆಯ ಮೇಲೆ ಬರೀ ಮಬ್ಬು. ಹಾಳೆಯನ್ನು ಹಿಂದಕ್ಕೆ ಸರಿಸುತ್ತಾ ಹೋದರೆ 100 ಸೆಂಟಿಮೀಟರ್‌ನಲ್ಲಿ ಅಕ್ಷರ ಸ್ಪಷ್ಟವಾಯಿತು. ಆದರೆ ಕಣ್ಣುಗುಡ್ಡೆ ಇರುವುದೇ ಎರಡೂಕಾಲು ಸೆಂಟಿಮೀಟರ್ ಆಸುಪಾಸು. ಅಕ್ಷಿಪಟಲವನ್ನು ಹೀಗೆ ಹಿಂದೆ ಮುಂದೆ ಸರಿಸಲು ಆಗದು. ಹಾಳೆಯನ್ನು ಮತ್ತೆ 50ಕ್ಕೇ ತಂದು, ಗಾಜು ಬದಲಿಸಿ ಪ್ಲಸ್ 3 ಇಟ್ಟೆ. 'ಕ' ಅಲ್ಲೇ ಮೂಡಿತು. ಕಣ್ಣು ಮಾಡುವುದೂ ಇದನ್ನೇ. ಬೆಳಕನ್ನು ಹೆಚ್ಚು ಬಾಗಿಸುವುದು ಮುಂದಿನ ಪಾರದರ್ಶಕ ಪೊರೆ, ಕಾರ್ನಿಯಾ. ಹತ್ತಿರದ್ದನ್ನು ನೋಡಲು ಬೇಕಾದ ಹೆಚ್ಚಿನ ಪವರ್ ಕೊಡುವುದು ಮಸೂರ. ಸುತ್ತಲಿನ ಸ್ನಾಯು ಬಿಗಿಯಾದಾಗ ಅದು ಉಬ್ಬುತ್ತದೆ.

ಆಗ ಹಿಂದಿನ ಬೆಂಚಿನ ಹುಡುಗ ಕೇಳಿದ. "ಸೂಜಿಗೆ ದಾರ ಪೋಣಿಸೋಕೆ ಅಜ್ಜಿ ನನ್ನನ್ನ ಕರೆಯೋದು ಇದಕ್ಕೇನಾ ಸಾರ್?"

ಹೌದು ಕಣೋ, ಅದಕ್ಕೇ ಅಂದೆ. ವಯಸ್ಸಾದಂತೆ ಮಸೂರ ಗಡುಸಾಗುತ್ತದೆ, ಉಬ್ಬಲು ಒಪ್ಪುವುದಿಲ್ಲ. ನನಗೂ ಚಾಳೀಸು ಬಂದಿದೆ. ಕನ್ನಡಕ ತೆಗೆದು ಅವನ ಕೈಗೆ ಕೊಟ್ಟೆ. ಅವನು ಅದನ್ನು ತೂತಿನ ಹತ್ತಿರ ಒಯ್ದು, ಹಾಳೆಯ ಮೇಲೆ ಮರ ಹುಡುಕತೊಡಗಿದ.